ಮೀನುಮನೆಗೆ ಹೋಗುವವರ ಪಟ್ಟಿ

ನೆದರ್‌ಲ್ಯಾಂಡ್ಸಿನ ಲೈಡನ್ನಿನಲ್ಲಿರುವ ನಮ್ಮ ವೈದ್ಯಕೀಯ ಸಂಶೋಧನಾ ಸಂಸ್ಥೆಯ ಬಾಗಿಲು ಹಾಕಿ ಎರಡು ದಿನವಾಗಿತ್ತು. ಸೋಮವಾರ ಮಧ್ಯಾಹ್ನ ನಿರ್ದೇಶಕರು ಫೋನ್ ಮಾಡಿ, "ಕಟ್ಟಡದೊಳಗೆ ಒಂದು ಹೊತ್ತಿಗೆ ಇಪ್ಪತ್ತು ಜನ ಮಾತ್ರ. ಯಾರು ಆ ಇಪ್ಪತ್ತು ಅನ್ನುವ ಪಟ್ಟಿ ಶುಕ್ರವಾರದೊಳಗೆ ಬೇಕು" ಎಂದರು. ಅವರು ಶ್ವಾಸಕೋಶದ ತಜ್ಞರು, ಕಡಿಮೆ ಮಾತಿನ ಡಚ್ ಮನುಷ್ಯ. ಪಟ್ಟಿ ಹೇಗೆ ಮಾಡಬೇಕೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೊರೊನಾ ಶುರುವಾದ 2020ರ ಮಾರ್ಚ್ ತಿಂಗಳು ಅದು. ಹಾಗೆಲ್ಲ ಕೇಳಿದರೆ ಹೇಳಬಲ್ಲವರು ಯಾರೂ ಇರಲಿಲ್ಲ.

ಸಂಸ್ಥೆಯ ಹಣಕಾಸು ಮತ್ತು ಆಡಳಿತ ನೋಡಿಕೊಳ್ಳುವವಳು ನಾನು. ಅನುದಾನದ ಲೆಕ್ಕ, ನೌಕರರ ಒಪ್ಪಂದಗಳು, ಫ್ರೀಜರುಗಳು, ಬಾಗಿಲಿನ ಕಾರ್ಡುಗಳು, ಕೈಗವಸು ತರಿಸುವುದು, ನಲ್ಲಿ ಸೋರಿದರೆ ಪ್ಲಂಬರನನ್ನು ಕರೆಸುವುದು, ಹೀಗೆ ವಿಜ್ಞಾನವೊಂದನ್ನು ಬಿಟ್ಟು ಉಳಿದದ್ದೆಲ್ಲ ನನ್ನ ತಲೆಗೆ. ಏನಾದರೂ ಕೆಟ್ಟಾಗ ಮಾತ್ರ ಸಂಶೋಧಕರಿಗೆ ನನ್ನ ನೆನಪು ಬರುತ್ತದೆ. ಆ ವಾರ ಎಲ್ಲರಿಗೂ ಒಟ್ಟಿಗೇ ಬಂತು. ಮಂಗಳವಾರ ಬೆಳಗ್ಗೆ ಎಂಟರಿಂದ ಹನ್ನೊಂದರವರೆಗೆ ಫೋನ್ ಕೆಳಗಿಡಲಿಲ್ಲ. ದೊಡ್ಡ ಗುಂಪಿನ ಮುಖ್ಯಸ್ಥರೊಬ್ಬರು ತಾವು ಬೆಳೆಸಿದ ಜೀವಕೋಶಗಳು ಸಾಯುತ್ತವೆ ಎಂದು ಅತ್ತೇಬಿಟ್ಟರು. ಮತ್ತೊಬ್ಬರು ಮಂತ್ರಿಯ ಹೆಸರು ಹೇಳಿದರು.

ನನಗೆ ರೇಗಿಹೋಯಿತು. ಯಾರ ಗಂಟಲು ದೊಡ್ಡದೋ ಅವರ ಪ್ರಯೋಗ ಮುಖ್ಯ ಎಂದಾಗಬಾರದು ಎಂದುಕೊಂಡು ಕೂತ ಕೂತಲ್ಲೇ ಒಂದು ಫಾರ್ಮ್ ತಯಾರಿಸಿದೆ. ಪ್ರತಿ ಸಂಶೋಧಕ ತನ್ನ ಪ್ರಯೋಗದ ಎದುರು ಮೂರರಲ್ಲಿ ಒಂದು ಚೌಕಕ್ಕೆ ಗುರುತು ಹಾಕಬೇಕು. ನಿಲ್ಲಿಸಲಾಗದು; ಕನಿಷ್ಠ ಮಟ್ಟದಲ್ಲಿ ನಡೆಸಬೇಕು; ನಿಲ್ಲಿಸಬಹುದು. ಕೆಳಗೆ ಕಾರಣ ಬರೆಯಲು ಮೂರು ಸಾಲು ಜಾಗ. ಅವರವರ ಉತ್ತರವೇ ಅಂತಿಮ. ಫೋನ್ ಮಾಡುವಂತಿಲ್ಲ, ನಾನೂ ಯಾರಿಗೂ ಮಾಡುವುದಿಲ್ಲ. ಆ ಕೊನೆಯ ಸಾಲನ್ನು ದಪ್ಪಕ್ಷರದಲ್ಲಿ ಹಾಕಿದೆ. ನಿರ್ದೇಶಕರು ಓದಿ "ತುಂಬ ನ್ಯಾಯವಾಗಿದೆ" ಎಂದರು, ನಾನು ಹಿಗ್ಗಿದೆ.

ಕಳಿಸಿ ಹತ್ತು ನಿಮಿಷವಾಗಿರಲಿಲ್ಲ, ಮೊದಲ ಉತ್ತರ ಬಂತು. ಧಾರವಾಡದ ಹುಡುಗಿಯದು. ಅವಳು ನಮ್ಮಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು, ಮೂರನೆಯ ವರ್ಷ. ಕಟ್ಟಡದಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ. ಕ್ಷಯರೋಗದ ಮೇಲೆ ಅವಳ ಕೆಲಸ. ಅದಕ್ಕಾಗಿ ಜೀಬ್ರಾ ಮೀನುಗಳ ಒಂದು ಹೊಸ ತಳಿಯನ್ನು ತಾನೇ ಮಾಡಿಕೊಂಡಿದ್ದಳು. ಅರ್ಧ ಬೆರಳುದ್ದದ ಮೀನು. ಅದರ ಮರಿಗಳ ಮೈ ಗಾಜಿನಷ್ಟು ಸ್ವಚ್ಛ, ಸೂಕ್ಷ್ಮದರ್ಶಕದ ಕೆಳಗಿಟ್ಟರೆ ರೋಗಾಣುವನ್ನು ರಕ್ತಕಣ ಮುತ್ತುವುದು ಕಣ್ಣಾರೆ ಕಾಣುತ್ತದೆ. ಒಮ್ಮೆ ನನಗೂ ತೋರಿಸಿದ್ದಳು. ಆ ತಳಿ ಜಗತ್ತಿನಲ್ಲಿ ಬೇರೆಲ್ಲೂ ಇರಲಿಲ್ಲ, ನಮ್ಮ ನೆಲಮಾಳಿಗೆಯ ಮೀನುಮನೆಯಲ್ಲಿ, ನಾಲ್ಕು ತೊಟ್ಟಿಗಳಲ್ಲಿ ಮಾತ್ರ ಇತ್ತು.

ಅವಳು ಮೂರನೆಯ ಚೌಕಕ್ಕೆ ಗುರುತು ಹಾಕಿದ್ದಳು. ಕೆಳಗೆ ಇಂಗ್ಲಿಷಿನಲ್ಲಿ, ಉಳಿದವರ ಕೆಲಸ ನನ್ನದಕ್ಕಿಂತ ತುರ್ತಿನದು, ನನ್ನ ಸರದಿ ಆಮೇಲೆ ಬಂದರೂ ಚಿಂತೆಯಿಲ್ಲ, ಎಂದು ಬರೆದಿದ್ದಳು.

ಆ ಸಾಲು ಓದಿದ ಕೂಡಲೇ ನನಗೆ ಅದರ ಅರ್ಥ ಗೊತ್ತಾಯಿತು. ಇಂಥ ಮಾತು ಆಡಿಕೊಂಡೇ ನಾನೂ ಬೆಳೆದವಳು. ಮದುವೆ ಮನೆಯಲ್ಲಿ ಎಲೆ ಹಾಕಿದಾಗ "ನೀವು ಕೂತ್ಕೊಳ್ಳಿ, ನಾವು ಎರಡನೇ ಪಂಕ್ತಿಗೆ ಕೂರ್ತೀವಿ" ಎನ್ನುತ್ತೇವೆ, ಹೊಟ್ಟೆ ಚುರುಗುಟ್ಟುತ್ತಿದ್ದರೂ. ಮನೆಯವರು ಬಂದು ರಟ್ಟೆ ಹಿಡಿದು ಎಳೆದು ಕೂರಿಸುತ್ತಾರೆ. ಒಂದು ಸಲ ಬೇಡ ಎಂದದ್ದನ್ನು ನಿಜವೆಂದು ನಂಬಿ ಮುಂದೆ ಹೋಗುವ ಯಜಮಾನನನ್ನು ಊರೆಲ್ಲ ಆಡಿಕೊಳ್ಳುತ್ತದೆ. ಡಚ್ಚರಲ್ಲಿ ಹಾಗಿಲ್ಲ. ಬೇಡವೆಂದರೆ ಬೇಡ, ತಟ್ಟೆ ಮುಂದಕ್ಕೆ ಹೋಗುತ್ತದೆ. ಇಲ್ಲಿಗೆ ಬಂದ ಹೊಸದರಲ್ಲಿ ನಾನೇ ಎಷ್ಟೋ ಮನೆಗಳಿಂದ ಹಸಿದು ಎದ್ದು ಬಂದಿದ್ದೇನೆ.

ಅವಳಿಗೊಂದು ಫೋನ್ ಮಾಡಬೇಕಿತ್ತು. ಕೈ ಫೋನಿನ ತನಕ ಹೋಗಿದ್ದೂ ನಿಜ. ಹಿಂದಕ್ಕೆ ತೆಗೆದುಕೊಂಡೆ. ಯಾರಿಗೂ ಫೋನ್ ಮಾಡುವುದಿಲ್ಲವೆಂದು ದಪ್ಪಕ್ಷರದಲ್ಲಿ ಬರೆದವಳು ನಾನು. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿತ್ತು. ಒಮ್ಮೆ ಕ್ಯಾಂಟೀನಿನಲ್ಲಿ ನಾವಿಬ್ಬರೂ ಕನ್ನಡದಲ್ಲಿ ಹರಟುತ್ತಿದ್ದಾಗ ಹಾದುಹೋದವರೊಬ್ಬರು, "ಓ, ಬಜೆಟ್ ಇಲ್ಲೇ ತೀರ್ಮಾನವಾಗುತ್ತಿದೆ" ಎಂದು ನಗೆಯಾಡಿದ್ದರು. ಅದು ತಮಾಷೆ ಎಂದು ಗೊತ್ತಿದ್ದರೂ ನನಗೆ ಮುಳ್ಳಿನಂತೆ ನೆಟ್ಟಿತ್ತು. ತನ್ನವರಿಗೆ ಮಾಡಿಕೊಟ್ಟಳು ಎನ್ನಿಸಿಕೊಳ್ಳುವ ಭಯ. ಜೊತೆಗೆ, ಒಬ್ಬರು ತಾವಾಗಿಯೇ ಹಿಂದೆ ಸರಿದರೆ ಪಟ್ಟಿಯಲ್ಲಿ ಒಂದು ಜಾಗ ಉಳಿಯುತ್ತಿತ್ತು. ಹೀಗಾಗಿ ಅವಳ ಉತ್ತರವನ್ನು ಉತ್ತರವೆಂದೇ ತೆಗೆದುಕೊಂಡೆ.

ಮಿಕ್ಕವರೆಲ್ಲ ಹೆಚ್ಚುಕಡಿಮೆ ಮೊದಲ ಚೌಕದವರೇ. ಒಬ್ಬರು ಮೂರು ಸಾಲಿನ ಜಾಗ ಸಾಲದೆಂದು ಎರಡು ಪುಟ ಲಗತ್ತಿಸಿದ್ದರು. ಮೂರನೆಯ ಚೌಕದಲ್ಲಿ ಒಟ್ಟು ಹನ್ನೊಂದು ಜನ. ಶುಕ್ರವಾರ ಪಟ್ಟಿ ಹೊರಟಿತು. ಮೀನುಮನೆಗೆ ಒಂದು ಹೊತ್ತಿಗೆ ಒಬ್ಬರೇ ಹೋಗಬೇಕು. ಉಸ್ತುವಾರಿಯವನು ಎಲ್ಲ ಮೀನುಗಳಿಗೂ ಎರಡು ಹೊತ್ತು ಆಹಾರ ಹಾಕುತ್ತಾನೆ. ಆದರೆ ಜೋಡಿ ಬಿಟ್ಟು ಮರಿ ಮಾಡಿಸುವುದು ಮೊದಲೆರಡು ಚೌಕದವರ ತಳಿಗಳಿಗೆ ಮಾತ್ರ. ತಳಿಯ ವೀರ್ಯವನ್ನು ಶೀತದಲ್ಲಿ ಕಾದಿಡುವ ವ್ಯವಸ್ಥೆಯೂ ಅವರಿಗೇ. ಇವೆಲ್ಲವನ್ನೂ ನಾನೇ ಬರೆದು, ನಾನೇ ಸಹಿಗೆ ಕಳಿಸಿದೆ.

ಆಮೇಲಿನ ತಿಂಗಳುಗಳನ್ನು ನಾನು ಕಳೆದದ್ದು ಮನೆಯ ಅಟ್ಟದ ಕೋಣೆಯಲ್ಲಿ. ಇಳಿಜಾರು ಸೂರು, ನಿಂತರೆ ತಲೆಗೆ ತಗಲುತ್ತಿತ್ತು. ಕೆಳಗೆ ಮಗಳ ಶಾಲೆ ನಡೆಯುತ್ತಿತ್ತು. ಬಾಗಿಲು ತೆರೆದರೆ "ಮಾಮಾ, ಇಕ್ ಹೆಬ್ ಲೆಸ್" ಎಂದು, ಅಮ್ಮಾ ನನಗೆ ಕ್ಲಾಸ್ ಇದೆ ಎಂದು, ಡಚ್ಚಿನಲ್ಲೇ ಗದರಿ ಕಳಿಸುತ್ತಿದ್ದಳು. ಗಂಡ ಐಂಡ್‌ಹೋವನ್ನಿನ ಕಂಪನಿಯ ಕೆಲಸವನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡಿದ್ದರು. ನಾನು ಇನ್ನೂರು ಜನರ ಬಾಗಿಲಿನ ಕಾರ್ಡುಗಳನ್ನು ಒಂದು ಪರದೆಯಿಂದ ತೆರೆದು ಮುಚ್ಚುತ್ತಿದ್ದೆ. ಯಾರ ಕಾರ್ಡು ಎಷ್ಟು ಗಂಟೆಗೆ ಹಸಿರು, ಎಷ್ಟಕ್ಕೆ ಕೆಂಪು. ಮಧ್ಯೆ ಕೈಗವಸಿನ ಬೆಲೆ ಮೂರು ಪಟ್ಟಾಯಿತು, ಫ್ರೀಜರೊಂದರ ಅಲಾರಂ ಕೂಗಿಕೊಂಡಿತು, ದ್ರವ ಸಾರಜನಕದ ಲಾರಿ ಬರಲಿಲ್ಲ. ಮೊದಮೊದಲು ಅಧಿಕಾರ ಅನ್ನಿಸುತ್ತಿದ್ದದ್ದು ಬರಬರುತ್ತ ಉಸಿರು ಕಟ್ಟಿಸತೊಡಗಿತು. ಬೀಗ ಹಾಕುವ ಕೆಲಸದವಳು ತಾನೂ ಒಳಗೇ ಉಳಿದುಬಿಡುತ್ತಾಳೆ ಎಂದು ನನಗೆ ಗೊತ್ತಿರಲಿಲ್ಲ.

ಬೇಸಿಗೆಯಲ್ಲಿ ಅರ್ಧ ಕಟ್ಟಡ ತೆರೆಯಿತು. ಮೂರನೆಯ ಚೌಕದವರಿಗೆ ಈಗ ಜಾಗ ಸಿಗಬಹುದೆಂದುಕೊಂಡಿದ್ದೆ. ಸಿಗಲಿಲ್ಲ. ಮೊದಲ ಚೌಕದವರ ಪ್ರಯೋಗಗಳು ಅರ್ಧಕ್ಕೆ ಬಂದಿದ್ದವು. ಅವನ್ನು ಮುಗಿಸದೆ ಬೇರೆಯವರನ್ನು ಬಿಟ್ಟರೆ ಎರಡೂ ಹಾಳು ಎಂದು ಗುಂಪಿನ ಮುಖ್ಯಸ್ಥರು ವಾದಿಸಿದರು. ತರ್ಕ ಸರಿಯಾಗಿತ್ತು. ಶರತ್ಕಾಲದಲ್ಲಿ ಮತ್ತೆ ಬಿಗಿಯಾಯಿತು. ಪ್ರತಿ ಸಲವೂ ಹಳೆಯ ಪಟ್ಟಿಯೇ ಆಧಾರ. ಅದನ್ನು ಬಿಚ್ಚಿದರೆ ಎಲ್ಲರೂ ಮತ್ತೆ ಫೋನಿಗೆ ಬೀಳುತ್ತಾರೆಂದು ನಾನೂ ಅದಕ್ಕೇ ಜೋತುಬಿದ್ದೆ. ಆ ಚಳಿಗಾಲದಲ್ಲಿ, ತಡವಾದವರ ಒಪ್ಪಂದ ವಿಸ್ತರಿಸಲು ಸಂಸ್ಥೆಗೆ ಒಂದಿಷ್ಟು ಹಣ ಬಂತು. ಹಂಚುವ ನಿಯಮದ ಕರಡು ಬರೆದವಳೂ ನಾನೇ. ಮೊದಲೆರಡು ಚೌಕದವರು ಮಾತ್ರ ಅರ್ಜಿ ಹಾಕಬಹುದು, ಏಕೆಂದರೆ ಉಳಿದವರು ತಮ್ಮ ಕೆಲಸ ನಿಲ್ಲಿಸಬಹುದೆಂದು ತಾವೇ ತಿಳಿಸಿದ್ದಾರೆ. ಹಾಗೆ ಬರೆಯುವಾಗ ಅವಳ ನೆನಪು ಬಂತು. ಆದರೂ ಬರೆದೆ.

ಫೆಬ್ರವರಿಯಲ್ಲಿ ಮೀನುಮನೆಯ ಉಸ್ತುವಾರಿ ಫೋನ್ ಮಾಡಿದ. ನಿವೃತ್ತಿಗೆ ಹತ್ತಿರವಾದ ಡಚ್ಚ, ಮೀನುಗಳ ವಿಷಯ ಬಿಟ್ಟು ಬೇರೆ ಮಾತಾಡಿದ್ದನ್ನು ನಾನು ಕೇಳಿಲ್ಲ. ಕೊನೆಗೂ ಧಾರವಾಡದ ಹುಡುಗಿಗೆ ಅವಕಾಶ ಸಿಕ್ಕು, ಅವಳ ಮೀನುಗಳನ್ನು ಮೂರು ಬೆಳಗ್ಗೆ ಜೋಡಿ ಬಿಟ್ಟು ನೋಡಿದ್ದರಂತೆ.

"ಮೊಟ್ಟೆ ಇಲ್ಲ. ಇಟ್ಟ ನಾಲ್ಕಾರೂ ಕೆಟ್ಟವು. ಮೀನುಗಳಿಗೆ ಎರಡು ವರ್ಷ ಹತ್ತಿರವಾಯಿತು, ಅಜ್ಜಿಯರಾಗಿವೆ" ಎಂದ. "ಅವಳಿಗೆ ಹೇಳಿದೆ. ‘ಓಕೆ, ಥ್ಯಾಂಕ್ಯೂ’ ಅಂದಳು, ನಕ್ಕಳು. ನನಗೆ ಆ ನಗು ಸರಿ ಕಾಣಲಿಲ್ಲ. ನೀವು ಅವಳ ಭಾಷೆಯವರಲ್ಲವೇ? ಒಂದು ಸಲ ಬನ್ನಿ."

ಮರುದಿನ ಬೆಳಗ್ಗೆ ಸೈಕಲ್ ತೆಗೆದುಕೊಂಡು ಹೋದೆ. ನನ್ನ ಕಾರ್ಡನ್ನು ನಾನೇ ಹಸಿರು ಮಾಡಿಕೊಳ್ಳಬೇಕಾಯಿತು. ನೆಲಮಾಳಿಗೆಯ ಓಣಿಯಲ್ಲಿ, ಮೀನುಮನೆಯ ಬಾಗಿಲ ಹೊರಗೆ, ಅವಳು ಕೋಟು ತೊಟ್ಟು ಮಾಸ್ಕ್ ಹಾಕಿಕೊಂಡು ನಿಂತಿದ್ದಳು. ತುಂಬ ಇಳಿದುಹೋಗಿದ್ದಳು.

"ಮೊಟ್ಟೆ ಸಿಗ್ಲಿಲ್ವಂತೆ?" ಎಂದೆ.

"ಇಲ್ರಿ ಅಕ್ಕಾರ. ವಯಸ್ಸಾಗೇತಿ ಅವಕ್ಕ. ತತ್ತಿ ಇಟ್ರೂ ಬೆಳ್ಳಗಾಗಿ ಸಾಯಾಕತ್ತಾವು."

"ಹೊಸದಾಗಿ ಮತ್ತೆ ಆ ತಳಿ ಮಾಡೋಕೆ ಎಷ್ಟು ದಿನ ಬೇಕು?"

"ಎಂಟು ತಿಂಗ್ಳಾದ್ರೂ ಬೇಕ್ರಿ. ಆಮ್ಯಾಲೆ ಎಕ್ಸ್‌ಪೆರಿಮೆಂಟ್ ಬ್ಯಾರೆ."

"ನಿನ್ನ ಕಾಂಟ್ರ್ಯಾಕ್ಟು?"

"ಆಗಸ್ಟ್ ಕೊನಿಗೆ ಮುಗೀತೈತಿ. ನಿಮಗ ಗೊತ್ತೈತಲ್ರಿ."

ಗೊತ್ತಿತ್ತು. ಒಪ್ಪಂದ ಮುಗಿದರೆ ಅವಳ ಸಂಬಳ ನಿಲ್ಲುತ್ತದೆ, ಅದರ ಹಿಂದೆಯೇ ಇಲ್ಲಿರುವ ಪರವಾನಗಿ. ಮೂರೂವರೆ ವರ್ಷದ ಕೆಲಸ ಬಿಟ್ಟು ಬರಿಗೈಯಲ್ಲಿ ಹೊರಡಬೇಕಾಗುತ್ತದೆ. ಅವಳು ಅಷ್ಟೂ ಹೊತ್ತು ನಗುತ್ತಲೇ ಇದ್ದಳು. ಉಸ್ತುವಾರಿ ಹೇಳಿದ್ದ ನಗು ಅದೇ ಇರಬೇಕು. "ನಿಮಗ್ಯಾಕ ತ್ರಾಸ್ರಿ ಅಕ್ಕಾರ, ನೀವ್ ಹೋಗ್ರಿ" ಎಂದು ನನಗೇ ಸಮಾಧಾನ ಹೇಳಿ ಕಳಿಸಿದಳು.

ಮೇಲೆ ನನ್ನ ಖಾಲಿ ಕಚೇರಿಗೆ ಹೋಗಿ ಕೂತೆ. ಒಂದು ವರ್ಷದ ಹಿಂದಿನ ಫಾರ್ಮುಗಳ ಕಡತ ತೆರೆದೆ. ಅದನ್ನು ತಿದ್ದುವ ಹಕ್ಕು ಇದ್ದದ್ದು ನನಗೊಬ್ಬಳಿಗೇ. ಅವಳ ಗುರುತನ್ನು ಮೂರರಿಂದ ಎರಡಕ್ಕೆ ಸರಿಸಿದರೆ ಸಾಕಿತ್ತು, ಅರ್ಜಿ ಹಾಕುವ ಅರ್ಹತೆ ಬಂದುಬಿಡುತ್ತಿತ್ತು. ಯಾರೂ ಹಳೆಯ ಫಾರ್ಮು ನೋಡುವವರಿಲ್ಲ. ಹತ್ತು ನಿಮಿಷವಾದರೂ ಹಾಗೇ ಕೂತಿದ್ದೆ. ಮಾಡಲಿಲ್ಲ. ಅದು ಪ್ರಾಮಾಣಿಕತೆ ಎಂದು ಹೇಳಿಕೊಂಡರೆ ಸುಳ್ಳಾಗುತ್ತದೆ. ಯಾವ ತಿದ್ದುಪಡಿಯನ್ನು ಯಾರು, ಯಾವಾಗ ಮಾಡಿದರು ಎಂಬುದು ಆ ಕಡತದಲ್ಲಿ ತಾನೇ ದಾಖಲಾಗುತ್ತದೆ. ಆ ವ್ಯವಸ್ಥೆ ಹಾಕಿಸಿದವಳೂ ನಾನೇ. ಎಲ್ಲಿ ಕೈ ಹಾಕಿದರೂ ನಾನೇ ಕಟ್ಟಿದ ಗೋಡೆ. ಇನ್ನುಳಿದದ್ದು ಒಂದೇ ದಾರಿ, ನಡೆದದ್ದನ್ನು ಬಾಯಿಬಿಟ್ಟು ಹೇಳುವುದು. ಅದಕ್ಕೆ ಧೈರ್ಯ ಬರಲು ಮತ್ತೆ ಎರಡು ದಿನ ಹಿಡಿಯಿತು.

ನಿರ್ದೇಶಕರಿಗೆ ವಿಡಿಯೋ ಕರೆ ಮಾಡಿ ಎಲ್ಲವನ್ನೂ ಹೇಳಿದೆ.

"ಅಂದರೆ, ಅವಳು ಬರೆದದ್ದು ಅವಳ ಮನಸ್ಸಿನಲ್ಲಿದ್ದದ್ದಲ್ಲ ಅಂತ ಅವತ್ತೇ ನಿಮಗೆ ಗೊತ್ತಿತ್ತು?"

"ಗೊತ್ತಿತ್ತು."

"ಯಾಕೆ ಕೇಳಲಿಲ್ಲ?"

"ಅವಳು ನನ್ನ ಕಡೆಯವಳು ಅಂತ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಬೇರೆ ಯಾರಾಗಿದ್ದರೂ ಕೇಳುತ್ತಿದ್ದಿರಾ?"

ಈ ಪ್ರಶ್ನೆಯನ್ನು ನಾನು ನಿರೀಕ್ಷಿಸಿರಲಿಲ್ಲ. ಯೋಚಿಸಿದೆ. "ಬೇರೆಯವರಾಗಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ" ಎಂದೆ. ಹಾಗೆಂದಾಗಲೇ ಮಿಕ್ಕ ಹತ್ತು ಜನ ಕಣ್ಣ ಮುಂದೆ ಬಂದರು. ಅವರಲ್ಲಿ ಇಂಡೋನೇಷ್ಯಾದವರಿದ್ದರು, ಚೀನಾದವರಿದ್ದರು, ಗ್ರೋನಿಂಗನ್ ಕಡೆಯ ಒಬ್ಬ ಸಂಕೋಚದ ಹುಡುಗನಿದ್ದ. ಅವರವರ ಊರಿನಲ್ಲಿ ಬೇಡ ಎಂಬುದನ್ನು ಎಷ್ಟು ಸಲ ಹೇಳಿದರೆ ನಿಜವೋ ಯಾರಿಗೆ ಗೊತ್ತು.

ಒಬ್ಬಳಿಗಾಗಿ ನಿಯಮ ಬದಲಿಸಲಾಗದು, ಹನ್ನೊಂದು ಜನರಿಗೂ ಅರ್ಜಿಯ ಬಾಗಿಲು ತೆರೆಯೋಣ ಎಂದು ನಿರ್ದೇಶಕರು ಹೇಳಿದರು. ಇರುವ ಹಣ ಅಷ್ಟೇ. ಹೊಸಬರು ಬಂದಷ್ಟೂ ಹಳಬರ ತಿಂಗಳು ಕಡಿಮೆಯಾಗುತ್ತವೆ. ಅದನ್ನು ಗುಂಪಿನ ಮುಖ್ಯಸ್ಥರಿಗೆ ತಿಳಿಸುವ ಕೆಲಸ ನನ್ನದು. ಹಂಚಿಕೆಯ ಸಭೆಯಲ್ಲಿ ಮಾತ್ರ ನಾನಿರುವಂತಿಲ್ಲ. ಒಪ್ಪಿಕೊಂಡೆ. ತಿಳಿಸಿದ ದಿನ ಮುಖ್ಯಸ್ಥರೊಬ್ಬರು, "ಒಂದು ವರ್ಷ ಆದ ಮೇಲೆ ಆಟದ ನಿಯಮ ಬದಲಿಸುತ್ತೀರಿ" ಎಂದು ಮುಖಕ್ಕೆ ಹೊಡೆದಂತೆ ಹೇಳಿದರು. ಅವರ ಸಿಟ್ಟು ತಪ್ಪೆನ್ನಲಾರೆ. ಇವತ್ತಿಗೂ ಅವರು ನನ್ನೊಡನೆ ಮೇಲ್‌ನಲ್ಲೇ ಮಾತಾಡುವುದು.

ಈ ಸಲ ಫಾರ್ಮ್ ಮಾಡಲಿಲ್ಲ. ಹನ್ನೊಂದು ಜನರಿಗೂ ನಾನೇ ಫೋನ್ ಮಾಡಿದೆ. ಹೆಚ್ಚಿನ ತಿಂಗಳು ಬೇಕೇ ಎಂಬ ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳುವುದೆಂದು ನನಗೆ ನಾನೇ ನಿಯಮ ಹಾಕಿಕೊಂಡಿದ್ದೆ. ಆಮ್‌ಸ್ಟರ್‌ಡ್ಯಾಮಿನ ಒಬ್ಬಳು ಎರಡನೆಯ ಸಲಕ್ಕೇ, "ಇಲ್ಲ ಅಂದೆನಲ್ಲ, ಆ ಸಮಯದಲ್ಲಿ ಲೇಖನ ಬರೆದು ಮುಗಿಸಿದೆ, ಅಡುಗೆಮನೆಗೂ ಬಣ್ಣ ಹೊಡೆದೆ" ಎಂದು ನಕ್ಕಳು. ಹೀಗೆ ಏಳು ಜನ ನಿಜವಾಗಿಯೇ ಬೇಡವೆಂದವರು. ಇಂಡೋನೇಷ್ಯಾದ ವೈದ್ಯ ಮೂರನೆಯ ಸಲ ಕೇಳಿದಾಗ, "ನಾಲ್ಕು ತಿಂಗಳು ಸಿಕ್ಕರೆ ಸಾಕು, ನಿಮಗೆ ತೊಂದರೆಯಾಗದಿದ್ದರೆ" ಎಂದ.

ಧಾರವಾಡದ ಹುಡುಗಿಗೆ ಕೊನೆಗೆ ಮಾಡಿದೆ. ಮೊದಲೇ ಮಾಡಲು ಧೈರ್ಯವಿರಲಿಲ್ಲ.

"ಬ್ಯಾಡ್ ಬಿಡ್ರಿ ಅಕ್ಕಾರ. ಇರೂದ್ರಾಗ ಏನರ ಬರದು ಮುಗಸ್ತೀನಿ."

"ಸರಿಯಾಗಿ ಯೋಚ್ನೆ ಮಾಡಿ ಹೇಳು."

"ಬ್ಯಾರೇದವ್ರಿಗೆ ಕಡಿಮಿ ಆಗ್ತೈತಲ್ರಿ ಮತ್ತ."

"ಅದು ನನ್ನ ತಲೆನೋವು ಕಣಮ್ಮ. ನಿನಗೆ ಬೇಕೋ ಬೇಡ್ವೋ, ಅಷ್ಟು ಹೇಳು."

ಲೈನ್ ಕಡಿದಿರಬೇಕೆಂದು ಫೋನ್ ನೋಡಿಕೊಂಡೆ.

"ಬೇಕ್ರಿ" ಎಂದಳು. ದನಿ ಬದಲಾಗಿತ್ತು. "ಆವತ್ತೂ ಬೇಕಾಗಿತ್ರಿ. ಹತ್ತು ನಿಮಿಷದಾಗ ಫಾರ್ಮ್ ಯಾಕ್ ಕಳ್ಸಿದ್ದೆ ಅಂತ ಮಾಡೀರಿ? ಬರ್‍ಯೂದೊಂದು ಬರದೆ. ನೀವ್ ಓದ್ತೀರಿ, ಫೋನ್ ಮಾಡ್ತೀರಿ, ‘ಏ ಹುಚ್ಚಿ, ಹಿಂಗ್ಯಾಕ ಬರದಿ’ ಅಂತ ಬೈತೀರಿ ಅಂತ ತಿಳ್ಕೊಂಡಿದ್ದೆ. ಒಂದ್ ವಾರ ಫೋನ್ ಕೈಯಾಗ ಹಿಡ್ಕೊಂಡು ಕುಂತಿದ್ದೆ ಅಕ್ಕಾರ. ಬ್ಯಾರೆ ಯಾರರ ಆಗಿದ್ರ ನಾನು ಮೊದಲನೇದಕ್ಕ ಟಿಕ್ ಹಾಕಿರ್ತಿದ್ದೆ. ನೀವ್ ಅದೀರಿ ಅಂತ ಮೂರನೇದಕ್ಕ ಹಾಕಿದೆ."

ಅವಳು ಅಳುತ್ತಿದ್ದಳು, ನನ್ನ ಮೇಲಿನ ಸಿಟ್ಟಿಗೆ. "ತಪ್ಪಾಯ್ತಮ್ಮ" ಎಂದೆ. ಇಷ್ಟು ವರ್ಷದ ನೌಕರಿಯಲ್ಲಿ ಆ ಮಾತನ್ನು ಕನ್ನಡದಲ್ಲಿ ಹೇಳಿದ್ದು ಅದೇ ಮೊದಲು. ಇಂಗ್ಲಿಷಿನಲ್ಲಿ ದಿನಕ್ಕೆ ಹತ್ತು ಸಲ ಸಾರಿ ಹೇಳುತ್ತೇವೆ, ಅದಕ್ಕೆ ಏನೂ ಖರ್ಚಾಗುವುದಿಲ್ಲ. "ಎಷ್ಟು ತಿಂಗಳು ಬೇಕು ಅಂತ ಕಮಿಟಿ ನಿನ್ನನ್ನೇ ಕೇಳುತ್ತೆ. ನಾನು ಅಲ್ಲಿರೋದಿಲ್ಲ. ನಿಜವಾಗಿ ಎಷ್ಟು ಬೇಕೋ ಅಷ್ಟೇ ಹೇಳು, ಒಂದು ದಿನವೂ ಕಡಿಮೆ ಹೇಳಬೇಡ."

ಸಭೆಯ ದಿನ ನಾನು ಅಟ್ಟದಲ್ಲಿ ಕೂತು ಕೈಗವಸಿನ ಬಿಲ್ಲು ನೋಡುತ್ತಿದ್ದೆ, ಒಂದೇ ಬಿಲ್ಲನ್ನು ಎರಡು ಸಲ ಮಂಜೂರು ಮಾಡಿದೆ. ಸಂಜೆ ನಿರ್ದೇಶಕರು ಫೋನ್ ಮಾಡಿದರು. ಉಳಿದ ಮೂವರೂ ಮೂರು ನಾಲ್ಕು ತಿಂಗಳು ಕೇಳಿದರಂತೆ. ಇವಳು ನೇರವಾಗಿ ಹತ್ತು ತಿಂಗಳು ಕೇಳಿದಳಂತೆ. ಯಾವ ತಿಂಗಳಲ್ಲಿ ಏನು ಎಂದು ತಿಂಗಳು ತಿಂಗಳಿಗೂ ಬರೆದು ತಂದಿದ್ದಳಂತೆ. ಸಮಿತಿಯವರು ಅರ್ಧ ಗಂಟೆ ಚರ್ಚಿಸಿ ಐದು ಕೊಟ್ಟರು. ತಳಿಯನ್ನು ಮತ್ತೆ ಮಾಡಲು ಅಷ್ಟು ಸಾಲದೆಂದು ಎಲ್ಲರಿಗೂ ಗೊತ್ತಿತ್ತು. ಮೀನಿನ ಅಧ್ಯಾಯ ಕೈಬಿಟ್ಟು, ಅದಕ್ಕೆ ಮೊದಲು ಮಾಡಿದ್ದ ಜೀವಕೋಶಗಳ ಕೆಲಸವನ್ನೇ ಬೆಳೆಸಿ ಪ್ರಬಂಧ ಮುಗಿಸುವುದೆಂದು ಅವಳ ಮಾರ್ಗದರ್ಶಿಯ ಜೊತೆ ತೀರ್ಮಾನವಾಯಿತು. ಪದವಿ ಉಳಿಯಿತು, ಅವಳ ಮೀನು ಉಳಿಯಲಿಲ್ಲ.

ಮೇ ತಿಂಗಳಲ್ಲಿ ವಿಸ್ತರಣೆಯ ಪತ್ರಕ್ಕೆ ಸಹಿ ಹಾಕಲು ನನ್ನ ಕಚೇರಿಗೆ ಬಂದಳು. ಒಂದೂವರೆ ಮೀಟರ್ ದೂರಕ್ಕೆ ನೆಲದ ಮೇಲೆ ಹಳದಿ ಪಟ್ಟಿ ಅಂಟಿಸಿದ್ದೆವು. ಅದರ ಆಚೆ ನಿಂತೇ ಕೈ ಚಾಚಿ ಪತ್ರ ತೆಗೆದುಕೊಂಡಳು. ಎರಡೂ ಪುಟಗಳನ್ನು ಪೂರ್ತಿ ಓದಿದಳು. ಹಿಂದೆಲ್ಲ ಅವಳು ನಾನು ಕೊಟ್ಟ ಕಾಗದಕ್ಕೆ ಓದದೆ ಸಹಿ ಹಾಕುತ್ತಿದ್ದಳು. ದಿನಾಂಕದ ಹತ್ತಿರ ಬೆರಳಿಟ್ಟು, ಜನವರಿ ಕೊನೆಯವರೆಗೆ ತಾನೇ ಎಂದು ಕೇಳಿ ಖಾತ್ರಿ ಮಾಡಿಕೊಂಡು ಸಹಿ ಹಾಕಿದಳು.

ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅವಳೇ ಮೊದಲು ಮಾತಾಡಿದಳು.

"ಥ್ಯಾಂಕ್ಸ್ ಹೇಳಂಗಿಲ್ರಿ ಅಕ್ಕಾರ. ಸಿಟ್ಟಾಗಬ್ಯಾಡ್ರಿ. ಅವು ನನ್ನ ತಿಂಗಳಾನ ಇದ್ವು."

"ಹೌದಮ್ಮ" ಎಂದೆ.

ಪ್ರತಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಹೋದಳು. ಅವಳ ಕಾರ್ಡಿನ ಅವಧಿಯನ್ನು ಜನವರಿಗೆ ವಿಸ್ತರಿಸಲು ಪರದೆ ತೆರೆದೆ. ಅವಳದ್ದೇ ಆದ ಹತ್ತು ತಿಂಗಳಲ್ಲಿ ಐದನ್ನಷ್ಟೇ ನಾನು ಹಿಂದಿರುಗಿಸಿದ್ದೆ.